ಯಾವ ಹಾರ್ಮೋನು ಎಂದು ಕೇಳದೆ ಪಥ್ಯ ಹೇಳುವುದು ಸರಿಯಲ್ಲ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾರದ ಪುರವಣಿಗಳಲ್ಲಿಯೂ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಲ್ಲಿಯೂ ‘ಹಾರ್ಮೋನ್ ಏರುಪೇರಿಗೆ ಇದನ್ನು ತಿನ್ನಿ, ಅದನ್ನು ಬಿಡಿ’ ಎಂಬ ಬರಹಗಳು ಈಚೆಗೆ ಹೆಚ್ಚಾಗಿವೆ. ಚಿಂತಾಮಣಿಯಲ್ಲಿ ಔಷಧಿ ಅಂಗಡಿ ನಡೆಸುವ ನನಗೆ ಅವುಗಳ ಪರಿಣಾಮ ಗಿರಾಕಿಗಳ ಮಾತಿನಲ್ಲಿಯೇ ತಿಳಿಯುತ್ತದೆ. ಕೈವಾರದ ಕಡೆಯಿಂದ ಬಂದಿದ್ದ ಒಬ್ಬ ತಾಯಿ ಥೈರಾಯ್ಡ್ ಮಾತ್ರೆಯ ಖಾಲಿ ಡಬ್ಬಿಯನ್ನು ಮುಂದಿಟ್ಟು, “ಎಲೆಕೋಸು, ಹೂಕೋಸು ಎರಡೂ ಬಿಟ್ಬಿಟ್ಟಿದ್ದೀನಣ್ಣ, ಇನ್ನು ಮಾತ್ರೆ ಅರ್ಧ ಮಾಡ್ಕೊಂಡ್ರೆ ಆಗಲ್ವಾ?” ಎಂದು ಕೇಳಿದರು. ಪಥ್ಯದ ಮೇಲೆ ಅವರಿಗಿದ್ದ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅವರು ಓದಿದ ಸಲಹೆಯಲ್ಲಿ ಮಾತ್ರೆಯ ಮಾತೇ ಇರಲಿಲ್ಲ.

‘ಹಾರ್ಮೋನ್ ಏರುಪೇರು’ ಎಂಬುದು ಒಂದು ಕಾಯಿಲೆಯ ಹೆಸರಲ್ಲ. ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್, ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು, ಹೆಂಗಸರ ಅಂಡಾಶಯ, ಗಂಡಸರ ವೃಷಣ, ಇವುಗಳಲ್ಲಿ ಹಲವನ್ನು ಮಿದುಳಿನ ಬುಡದಿಂದ ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿ, ಹೀಗೆ ಒಂದೊಂದೂ ಬೇರೆ ಬೇರೆ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಒಂದರ ಕೊರತೆಗೆ ಇರುವ ಪರಿಹಾರ ಇನ್ನೊಂದಕ್ಕೆ ಆಗುವುದಿಲ್ಲ. ಸುಸ್ತು, ಕೂದಲು ಉದುರುವುದು, ಮುಟ್ಟಿನ ವ್ಯತ್ಯಾಸ ಮುಂತಾದವುಗಳನ್ನು ಕಂಡೊಡನೆ ‘ಹಾರ್ಮೋನ್’ ಎಂದು ತೀರ್ಮಾನಿಸುವವರು, ಬರೀ ರಕ್ತಹೀನತೆಯಿಂದಲೂ ಸುಸ್ತಾಗಿ ಕೂದಲು ಉದುರುತ್ತದೆ ಎಂಬುದನ್ನು ಮರೆಯುತ್ತಾರೆ. ಆದ್ದರಿಂದ ಯಾವ ಹಾರ್ಮೋನು, ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬುದು ರಕ್ತಪರೀಕ್ಷೆಯಿಂದ ಗೊತ್ತಾದ ಮೇಲೆಯೇ ಊಟದ ವಿಚಾರ ಬರಬೇಕು.

ಥೈರಾಯ್ಡನ್ನೇ ತೆಗೆದುಕೊಳ್ಳೋಣ. ಈ ಗ್ರಂಥಿ ತನ್ನ ಹಾರ್ಮೋನನ್ನು ತಯಾರಿಸಲು ಅಯೋಡಿನ್ ಬೇಕೇ ಬೇಕು. ವಯಸ್ಕರಿಗೆ ದಿನಕ್ಕೆ ಸುಮಾರು 150 ಮೈಕ್ರೋಗ್ರಾಂ ಸಾಕು, ಗರ್ಭಿಣಿಯರಿಗೆ ಇನ್ನೂ ಹೆಚ್ಚು ಬೇಕು. ಥೈರಾಯ್ಡ್ ಊದಿಕೊಳ್ಳುವ ಗಳಗಂಡ ರೋಗವನ್ನು ತಡೆಯಲು ಕೇಂದ್ರ ಸರ್ಕಾರ 1962ರಲ್ಲಿಯೇ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿ, ಅಡುಗೆ ಉಪ್ಪಿಗೆ ಅಯೋಡಿನ್ ಸೇರಿಸುವ ದಾರಿ ಹಿಡಿದದ್ದು ಇದೇ ಕಾರಣಕ್ಕೆ. ಈಗ ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ನಂಬಿ ಸೈಂಧವ ಲವಣಕ್ಕೋ ಗುಲಾಬಿ ಬಣ್ಣದ ಕಲ್ಲುಪ್ಪಿಗೋ ಬದಲಾಗುತ್ತಿರುವ ಮನೆಗಳಿವೆ. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಎಂದು ಬರೆಯದ ಹೊರತು ಅಂಥ ಉಪ್ಪಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ದುಡ್ಡು ಹೆಚ್ಚು ಕೊಟ್ಟು ಬೇಕಾದದ್ದನ್ನೇ ಕಳೆದುಕೊಳ್ಳುವ ಈ ವ್ಯವಹಾರ ನನಗೆ ಅರ್ಥವಾಗುವುದಿಲ್ಲ.

ಹಾಗೆಂದು ಅಯೋಡಿನ್ ಹೆಚ್ಚಿಸಿದರೆ ಎಲ್ಲ ಥೈರಾಯ್ಡ್ ತೊಂದರೆಯೂ ಹೋಗುವುದಿಲ್ಲ. ಬಹಳ ಜನರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದು ಅದನ್ನು ನಿಧಾನವಾಗಿ ಹಾಳುಮಾಡಿರುತ್ತದೆ. ಅಂಥವರಿಗೆ ಬೇಕಾದದ್ದು ಕೊರತೆಯಾದ ಹಾರ್ಮೋನನ್ನೇ ಮಾತ್ರೆಯ ರೂಪದಲ್ಲಿ ಕೊಡುವುದು. ಕೋಸಿನ ಜಾತಿಯ ತರಕಾರಿಗಳಲ್ಲಿ ಥೈರಾಯ್ಡಿನ ಕೆಲಸಕ್ಕೆ ಅಡ್ಡಿಪಡಿಸುವ ಅಂಶ ಇರುವುದು ನಿಜವಾದರೂ ಬೇಯಿಸಿದಾಗ ಅದರ ಪ್ರಭಾವ ಕುಗ್ಗುತ್ತದೆ, ಅಯೋಡಿನ್ ಸಾಕಷ್ಟು ಸಿಗುವ ಮನೆಯಲ್ಲಿ ವಾರಕ್ಕೆ ಎರಡು ಸಲ ಎಲೆಕೋಸಿನ ಪಲ್ಯ ತಿಂದರೆ ಏನೂ ಆಗದು. ಮಾತ್ರೆಯನ್ನು ತಾವಾಗಿಯೇ ಕಡಿಮೆ ಮಾಡಿಕೊಂಡರೆ ಮಾತ್ರ ಖಂಡಿತ ಆಗುತ್ತದೆ. ಅದರಲ್ಲೂ ಗರ್ಭಿಣಿಯರಲ್ಲಿ ಸಾಮಾನ್ಯವಾಗಿ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ, ಏಕೆಂದರೆ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ.

ಏನನ್ನು ತಿನ್ನಬೇಕು ಎಂಬುದಕ್ಕಿಂತ ಯಾವಾಗ ತಿನ್ನಬೇಕು ಎಂಬುದು ಇಲ್ಲಿ ಮುಖ್ಯ, ಆದರೆ ಅದನ್ನು ಯಾರೂ ಬರೆಯುವುದಿಲ್ಲ. ಈ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿ, ಹಾಲು, ತಿಂಡಿ ಮುಟ್ಟಬಾರದು. ನಮ್ಮ ಕಡೆ ಹಾಲು ಕರೆದು ಡೇರಿಗೆ ಹಾಕಿ ಬಂದೊಡನೆ ಕಾಫಿ ಕುಡಿಯುವುದು ರೂಢಿ, ಮಾತ್ರೆಯೂ ಆ ಕಾಫಿಯ ಜೊತೆಗೇ ಹೋಗುತ್ತದೆ. ಆಗ ಔಷಧ ಸರಿಯಾಗಿ ಹೀರಿಕೆಯಾಗುವುದಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳನ್ನಂತೂ ನಾಲ್ಕು ಗಂಟೆಯ ಅಂತರವಿಟ್ಟು ತೆಗೆದುಕೊಳ್ಳಬೇಕು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುವವರು ಪರೀಕ್ಷೆಗೆ ರಕ್ತ ಕೊಡುವ ಮುನ್ನ ವೈದ್ಯರಿಗೆ ತಿಳಿಸಲಿ, ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ಥೈರಾಯ್ಡ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸುತ್ತದೆ.

ಊಟವೇ ಚಿಕಿತ್ಸೆಯ ದೊಡ್ಡ ಭಾಗವಾಗಿರುವ ತೊಂದರೆಯೂ ಇದೆ. ಹೆಣ್ಣುಮಕ್ಕಳು ಪಿಸಿಒಡಿ ಎಂದೂ ವೈದ್ಯರು ಪಿಸಿಒಎಸ್ ಎಂದೂ ಕರೆಯುವ, ಅಂಡಾಶಯದ ಕೆಲಸ ಏರುಪೇರಾಗುವ ಈ ಸಮಸ್ಯೆ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸಂತಾನ ಪಡೆಯುವ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದೆ. ಇವರಲ್ಲಿ ಅನೇಕರ ದೇಹ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ಹಾರ್ಮೋನಿಗೆ ಸರಿಯಾಗಿ ಸ್ಪಂದಿಸದ ಕಾರಣ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಪುರುಷ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ತಿಂಗಳುಗಟ್ಟಲೆ ಮುಟ್ಟು ನಿಲ್ಲುವುದು, ಮೊಡವೆ, ಗಲ್ಲದ ಮೇಲೆ ಕೂದಲು, ಕತ್ತಿನ ಹಿಂಭಾಗ ಕಪ್ಪಾಗುವುದು, ಇವೆಲ್ಲ ಈ ಸರಪಳಿಯ ಕೊಂಡಿಗಳು. ತೂಕ ಹೆಚ್ಚಿರುವವರು ಅದರಲ್ಲಿ ನೂರಕ್ಕೆ ಐದರಷ್ಟು, ಎಂದರೆ 70 ಕಿಲೋ ಇರುವವರು ಮೂರೂವರೆ ಕಿಲೋ ಇಳಿಸಿದರೂ ಹಲವರಲ್ಲಿ ಮುಟ್ಟು ಸರಿದಾರಿಗೆ ಬರುತ್ತದೆ. ಇದಕ್ಕೆ ಇಂಥದೇ ಒಂದು ಪಥ್ಯ ಶ್ರೇಷ್ಠ ಎಂದು ಸಾಬೀತಾಗಿಲ್ಲ. ಸಕ್ಕರೆ ಮತ್ತು ಮೈದಾ ತಗ್ಗಬೇಕು, ಕಾಳು ಮತ್ತು ಸೊಪ್ಪು ಹೆಚ್ಚಬೇಕು, ದಿನವೂ ಮೈ ಬಗ್ಗಿಸಬೇಕು, ನಿದ್ದೆಗೆಡಬಾರದು.

ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಹೊರಗೆ ಹುಡುಕಬೇಕಾದದ್ದು ಕಡಿಮೆ. ಹುರುಳಿಕಾಳಿನ ಬಸ್ಸಾರು, ಬೆರಕೆ ಸೊಪ್ಪಿನ ಮಸ್ಸೊಪ್ಪು, ಸುಗ್ಗಿಯ ಕಾಲದ ಅವರೆಕಾಳು, ನುಗ್ಗೆಸೊಪ್ಪು, ಮೊಟ್ಟೆ, ಇವುಗಳ ಮುಂದೆ ದುಬಾರಿ ಚಿಯಾ ಬೀಜಕ್ಕೆ ವಿಶೇಷ ಮರ್ಯಾದೆ ಕೊಡಬೇಕಾಗಿಲ್ಲ. ಆದರೆ ಮುದ್ದೆಯ ಬಗ್ಗೆ ನಮಗಿರುವ ಅಭಿಮಾನವನ್ನು ಸ್ವಲ್ಪ ಪರೀಕ್ಷಿಸಿಕೊಳ್ಳಬೇಕು. ರಾಗಿಯಲ್ಲಿ ಸುಣ್ಣದಂಶ ಮತ್ತು ನಾರು ಧಾರಾಳವಾಗಿವೆ ಎಂಬುದು ನಿಜ, ಅದರಲ್ಲಿ ಪಿಷ್ಟವೂ ಅಷ್ಟೇ ಧಾರಾಳವಾಗಿದೆ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆಗೆ ನೀರಾದ ಸಾರು ಹಾಕಿಕೊಂಡು ಉಂಡರೆ ರಕ್ತದಲ್ಲಿ ಸಕ್ಕರೆಯ ಅಂಶ ಏರಿಯೇ ಏರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ಊಟದ ಒಟ್ಟು ಶಕ್ತಿಯಲ್ಲಿ ಏಕದಳ ಮತ್ತು ಸಿರಿಧಾನ್ಯಗಳ ಪಾಲು ಶೇ 45ನ್ನು ಮೀರದಿರಲಿ ಎನ್ನುತ್ತದೆ. ಹಿಂದೆ ಹೊಲದಲ್ಲಿ ದಿನವಿಡೀ ದುಡಿದವರ ಮುದ್ದೆಯ ಅಳತೆ ಕುರ್ಚಿಯ ಮೇಲೆ ಕೂರುವ ನಮಗೆ ಒಗ್ಗುವುದಿಲ್ಲ. ಮುದ್ದೆ ಒಂದಿರಲಿ, ತಟ್ಟೆಯಲ್ಲಿ ಕಾಳು ಮತ್ತು ಸೊಪ್ಪಿನ ಪಾಲು ಅದಕ್ಕಿಂತ ದೊಡ್ಡದಿರಲಿ. ಪಿಯು ಕಾಲೇಜಿನ ಮಕ್ಕಳು ಬೆಳಗಿನ ಬಸ್ಸು ಹಿಡಿಯುವ ಆತುರದಲ್ಲಿ ಮನೆಯ ತಿಂಡಿ ಬಿಟ್ಟು ಬೇಕರಿಯ ಪಫ್ಸು, ಬನ್ನಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಇನ್ನೂ ದೊಡ್ಡ ಸಮಸ್ಯೆ.

ತೆಳ್ಳಗಿರುವ ಹುಡುಗಿಯರಲ್ಲಿಯೂ ಪಿಸಿಒಎಸ್ ಇರುತ್ತದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಅತಿಯಾಗಿ ಉಪವಾಸ ಮಾಡಿದರೆ ಇದ್ದ ಮುಟ್ಟೂ ನಿಲ್ಲಬಹುದು. ಮೂರು ತಿಂಗಳು ಮುಟ್ಟಾಗದಿದ್ದರೆ ತಾಯಂದಿರು ಮದುವೆಯ ಮಾತಿಗೆ ಹೆದರಿ ಮುಚ್ಚಿಡದೆ ಮಗಳನ್ನು ವೈದ್ಯರ ಬಳಿಗೆ ಕರೆದೊಯ್ಯಲಿ.

ಇನ್ನು ಪುಡಿ, ಕಷಾಯಗಳ ವಿಚಾರ. ಮುಟ್ಟಿನ ದೋಷವನ್ನು ಸರಿಪಡಿಸುತ್ತೇವೆ, ಮಧುಮೇಹವನ್ನು, ಗಳಗಂಡವನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ‘ಹಾರ್ಮೋನ್ ಸಮತೋಲನ’ ಎಂಬ ಮಾತು ಮಾರಾಟಗಾರರಿಗೆ ಪ್ರಿಯವಾಗಲು ಇದೂ ಒಂದು ಕಾರಣವಿರಬೇಕು ಎಂದು ನನ್ನ ಗುಮಾನಿ. ರೋಗದ ಹೆಸರೆತ್ತದೆ ರೋಗಿಯನ್ನು ಕರೆಯಲು ಅದರಿಂದ ಸಾಧ್ಯವಾಗುತ್ತದೆ. ಅಂಥ ಕೆಲವು ಪುಡಿಗಳಲ್ಲಿರುವ ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಸೇವಿಸುವುದು ಅಪಾಯ.

ತಮ್ಮ ಪತ್ರಿಕೆಯಲ್ಲಿ ನನ್ನದೊಂದು ವಿನಂತಿಯಿದೆ. ಆಹಾರದ ಬಗ್ಗೆ ಬರುವ ಲೇಖನಗಳು ಯಾವ ಹಾರ್ಮೋನಿನ, ಯಾವ ತೊಂದರೆಗೆ ಸಂಬಂಧಿಸಿದವು ಎಂಬುದನ್ನು ಮೊದಲ ಸಾಲಿನಲ್ಲಿಯೇ ತಿಳಿಸುವಂತೆ ಲೇಖಕರಿಗೆ ಸೂಚಿಸಬೇಕು, ಅವುಗಳ ಪಕ್ಕದಲ್ಲಿ ಪುಡಿಗಳ ಜಾಹೀರಾತು ಬಾರದಂತೆ ನೋಡಿಕೊಳ್ಳಬೇಕು. ಆರೋಗ್ಯ ಇಲಾಖೆಯು ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಮಧುಮೇಹ ತಪಾಸಣೆ ನಡೆಸುವ ಶಿಬಿರಗಳಂತೆ, ಪಿಯು ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ವೈದ್ಯೆಯೊಬ್ಬರು ಹೆಣ್ಣುಮಕ್ಕಳೊಡನೆ ಮುಟ್ಟಿನ ವಿಚಾರ ಮಾತನಾಡುವ ಏರ್ಪಾಡು ಮಾಡಿ, ಅಗತ್ಯವಿದ್ದವರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಲಿ.

ಇಂತಿ ತಮ್ಮ ಓದುಗ,
ಔಷಧಿ ವ್ಯಾಪಾರಿ, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ