ಈಜುಕೊಳದ ಮೋಟರ್ ಸುಟ್ಟಿದೆ ಎನ್ನುವ ಮುನ್ನ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ವಸತಿ ಸಮುಚ್ಚಯಗಳ ಈಜುಕೊಳದ ಪಂಪ್ ಚಾಲೂ ಆಗದೆ ನೀರು ಪಾಚಿಗಟ್ಟುವುದೂ, ಬಂದ ಮೆಕ್ಯಾನಿಕ್ ‘ವೈಂಡಿಂಗ್ (ಮೋಟರ್ ಒಳಗಿನ ತಂತಿಸುರುಳಿ) ಹೋಗಿದೆ, ಹೊಸ ಮೋಟರ್ ಹಾಕಿಸಿ’ ಎಂದು ಕೈತೊಳೆದುಕೊಳ್ಳುವುದೂ ಮಾಮೂಲಾಗಿದೆ. ಸ್ವಿಚ್ ಹಾಕಿದಾಗ ಸಿಂಗಲ್ ಫೇಸ್ ಮೋಟರ್ ಗುಂಯ್‌ಗುಟ್ಟುತ್ತ ತಿರುಗದೆ ನಿಂತರೆ, ಮೊದಲು ಅನುಮಾನಿಸಬೇಕಾದದ್ದು, ಮೋಟರ್ ತಿರುಗಲು ನೆರವಾಗುವ ಅಗ್ಗದ ಬಿಡಿಭಾಗವಾದ ಕೆಪಾಸಿಟರನ್ನು. ಅದು ಉಬ್ಬಿದ್ದರೆ ಬರಿಗಣ್ಣಿಗೇ ಕಾಣುತ್ತದೆ. (ವಿದ್ಯುತ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಬರಿಗೈ ಹಾಕಬಾರದು.) ಬಹುಕಾಲ ನಿಂತಿದ್ದ ಪಂಪಾದರೆ, ಮೇನ್ ಸ್ವಿಚ್ ಆರಿಸಿ ಹಿಂಬದಿಯ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಬೇಕು, ಅದು ಅಲುಗದಿದ್ದರೆ ಬೇರಿಂಗ್ ತುಕ್ಕು ಹಿಡಿದಿರಬಹುದು, ಇಲ್ಲವೇ ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರ್‌ಗೆ ಕೂದಲು, ಕಸ ಸುತ್ತಿಕೊಂಡಿರಬಹುದು. ಸದ್ದೇ ಇಲ್ಲದಿದ್ದರೆ ಟೈಮರ್ ಹಾಗೂ ಕರೆಂಟ್ ಮಿತಿಮೀರಿದರೆ ಮೋಟರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಗಳನ್ನು ನೋಡಬೇಕು. ಟೆಸ್ಟರ್ ಉರಿದ ಮಾತ್ರಕ್ಕೆ ಪೂರ್ತಿ 230 ವೋಲ್ಟ್ ಬರುತ್ತಿದೆ ಎಂದಲ್ಲ, ಮಲ್ಟಿಮೀಟರ್‌ನಲ್ಲೇ ಅಳೆಯಬೇಕು.

ನನ್ನ ನಿಜವಾದ ಆತಂಕ ಬೇರೆ. ಮೋಟರ್ ಹಾಕಿದೊಡನೆ 30 ಮಿಲಿಆಂಪಿಯರ್‌ನ ಸೋರಿಕೆ ಬ್ರೇಕರ್ (ಅಷ್ಟು ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್) ಬೀಳುತ್ತದೆಂದು, ನಮ್ಮ ಸಮುಚ್ಚಯದಲ್ಲಿ ಅದನ್ನೇ ತಪ್ಪಿಸಿ ನೇರ ತಂತಿ ಕೊಟ್ಟಿದ್ದರು. ಬ್ರೇಕರ್ ಬೀಳುವುದೇ ವಿದ್ಯುತ್ ಎಲ್ಲೋ ಸೋರುತ್ತಿದೆ ಎಂಬ ಎಚ್ಚರಿಕೆಯಾಗಿರುವಾಗ, ಮಕ್ಕಳು ಇಳಿಯುವ ನೀರಿನ ವಿಷಯದಲ್ಲಿ ಇಂಥ ಉಡಾಫೆ ಅಕ್ಷಮ್ಯ. ಈಜುಕೊಳಗಳ ಅರ್ಥಿಂಗ್ ಮತ್ತು ಬ್ರೇಕರ್‌ಗಳನ್ನು ವಿದ್ಯುತ್ ಪರಿವೀಕ್ಷಣಾಲಯವು ಪ್ರತಿವರ್ಷ ಬೇಸಿಗೆಗೆ ಮೊದಲೇ ತಪಾಸಣೆ ಮಾಡಬೇಕೆಂದು ಕೋರುತ್ತೇನೆ.

– ಓರ್ವ ನಿವಾಸಿ, ಬೆಂಗಳೂರು