ಮಾತುಕತೆಯ ಮೇಜಿನ ಹೊರಗೆ ಏನಾಗ್ತಿತ್ತು ಅದನ್ನೂ ನೋಡು

ಪ್ರೀತಿಯ ಪುಟ್ಟಿ,

ನಿನ್ನ ಉದ್ದದ ಮೆಸೇಜ್ ಓದ್ದೆ. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಬ್ರಿಟಿಷರ ಹತ್ರ ದುಡ್ಡಿರಲಿಲ್ಲ, ಅದಕ್ಕೇ ತಾವು ಆಳ್ತಿದ್ದ ದೇಶಗಳಿಂದ ಗಂಟುಮೂಟೆ ಕಟ್ಟಿದ್ರು, ಮೆರವಣಿಗೆ ಬಹಿಷ್ಕಾರ ಎಲ್ಲಾ ಬರೀ ಶೋ ಅಂತ ಬರ್ದಿದ್ದೀಯ. ಸಾಲ ಇದ್ದಿದ್ದು ನಿಜ ಕಣೆ, ನಾನು ಇಲ್ಲ ಅನ್ನಲ್ಲ. ಆದ್ರೆ ಜೇಬು ಖಾಲಿಯಾದ ತಕ್ಷಣ ಬಿಟ್ಟು ಹೋಗ್ತಾರೆ ಅನ್ನೋದಾದ್ರೆ ಪೋರ್ಚುಗಲ್ ಎಲ್ಲರಿಗಿಂತ ಮೊದಲು ಹೋಗ್ಬೇಕಿತ್ತು, ಪಶ್ಚಿಮ ಯುರೋಪಲ್ಲೇ ಬಡ ದೇಶ ಅದು, ಅಂಗೋಲಾ ಮೊಜಾಂಬಿಕ್ ಅವರ ಕೈಬಿಟ್ಟಿದ್ದು 1975ರಲ್ಲಿ. ಡಚ್ಚರ ದೇಶಾನ ಜರ್ಮನ್ ಸೈನ್ಯ ಐದು ವರ್ಷ ಹಿಂಡಿತ್ತು, ಆದ್ರೂ ಅವರು ಇಂಡೋನೇಷ್ಯಾಗೆ ವಾಪಸ್ ಹೋಗಿ 1949ರವರೆಗೂ ಬಡಿದಾಡಿದ್ರು.

ಹಾಗಾಗಿ ಯಾರು ಯಾಕೆ ಹೋದ್ರು ಅನ್ನೋಕ್ ಮುಂಚೆ ಆಳ್ವಿಕೆ ದಿನಾ ನಡೀತಿದ್ದಿದ್ದು ಯಾರ ಕೈಯಿಂದ ಅಂತ ಕೇಳ್ಕೋ. ಕಂದಾಯ ಕಟ್ಟೋರು, ಬಂದರಲ್ಲಿ ಮೂಟೆ ಹೊರೋರು, ಕಚೇರೀಲಿ ಫೈಲ್ ಬರಿಯೋರು, ಲಾಠಿ ಹಿಡಿಯೋ ಪೊಲೀಸ್, ಎಲ್ಲಾ ಅದೇ ಊರಿನ ಜನ. ಅವರು ಕೈಕಟ್ಟಿ ಕೂತ್ರೆ ಗವರ್ನರ್ ಏನ್ ಮಾಡ್ತಾನೆ? 1930ರ ಏಪ್ರಿಲ್ 23ಕ್ಕೆ ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಬರಿಗೈಲಿ ನಿಂತಿದ್ದ ಪಠಾಣರ ಮೇಲೆ ಗುಂಡು ಹಾರಿಸಿ ತುಂಬಾ ಜನರನ್ನ ಕೊಂದ್ರು, ಆದ್ರೆ ಅಲ್ಲೇ ಬ್ರಿಟಿಷ್ ಸರ್ಕಾರದ ಸೈನ್ಯದಲ್ಲಿದ್ದ ಗಢ್ವಾಲ್ ರೈಫಲ್ಸಿನ ಸಿಪಾಯಿಗಳು ನಾವು ಹೊಡೆಯಲ್ಲ ಅಂದ್ಬಿಟ್ರು, ಮುಂದೆ ನಿಂತಿದ್ದ ಚಂದ್ರಸಿಂಗ್ ಗಢ್ವಾಲಿಗೆ ಜೀವಾವಧಿ ಶಿಕ್ಷೆ ಆಯ್ತು. ಸತ್ಯಾಗ್ರಹಿಗಳ ಭಾಷಣಕ್ಕಿಂತ ಈ ಸುದ್ದಿ ಸರ್ಕಾರಾನ ಜಾಸ್ತಿ ಹೆದರಿಸಿರುತ್ತೆ ಅಂತ ನನ್ನ ಅಂದಾಜು.

ಚಳವಳಿ ಬೇರೆ, ಮಾತುಕತೆ ಬೇರೆ ಅಂತ ವಿಂಗಡಿಸ್ಬೇಡ ಪುಟ್ಟಿ. ಘಾನಾ ತಗೋ, ಆಗ ಗೋಲ್ಡ್ ಕೋಸ್ಟ್ ಅಂತಿದ್ರು. 1948ರ ಫೆಬ್ರವರಿ 28ಕ್ಕೆ ಅಕ್ರಾದಲ್ಲಿ ನಿವೃತ್ತ ಸೈನಿಕರು ಮನವಿ ಹಿಡ್ಕೊಂಡು ಗವರ್ನರ್ ಕೋಟೆ ಕಡೆ ಹೊರಟಿದ್ರು, ಯುದ್ಧದಲ್ಲಿ ಬ್ರಿಟಿಷರ ಪರವಾಗೇ ಹೋರಾಡಿದ್ದೋರು, ಪೊಲೀಸ್ ಅಧಿಕಾರಿ ಗುಂಡು ಹಾರಿಸಿ ಮೂರು ಜನ ಸತ್ರು, ಊರೇ ಹೊತ್ತಿ ಉರೀತು, ಅಂಗಡಿ ಲೂಟಿ ಆಯ್ತು. (ಅಹಿಂಸೆ ಅಂತ ಎಲ್ಲೂ ನೂರಕ್ಕೆ ನೂರು ಇರಲಿಲ್ಲ, ಅದನ್ನ ಮುಚ್ಚಿಡೋರ ಮಾತು ನಂಬ್ಬೇಡ.) ಆಮೇಲೆ ಕ್ವಾಮೆ ಎನ್‌ಕ್ರೂಮಾ ಪಾರ್ಟಿ ಕಟ್ಟಿ 1950ರ ಜನವರೀಲಿ ಮುಷ್ಕರ ಬಹಿಷ್ಕಾರಕ್ಕೆ ಕರೆ ಕೊಟ್ಟ, ಜೈಲಿಗೆ ಹಾಕಿದ್ರು. ಮುಂದಿನ ವರ್ಷ ಫೆಬ್ರವರೀಲಿ ಚುನಾವಣೆ, ಜೈಲಲ್ಲೇ ಕೂತು ನಿಂತ, ಗೆದ್ದ, ಪಾರ್ಟಿಗಳು ಪೈಪೋಟಿ ಮಾಡಿದ 38 ಸ್ಥಾನದಲ್ಲಿ 34 ಅವನ ಪಾರ್ಟಿಗೇ ಬಂತು. ಗವರ್ನರ್ ಆರ್ಡನ್-ಕ್ಲಾರ್ಕ್ ಏನ್ ಮಾಡ್ಬೇಕು ಹೇಳು? ಕೈದೀನ ಬಿಡಿಸಿ ಸರ್ಕಾರ ನಡ್ಸಪ್ಪ ಅಂತ ಕರೆದ. ಅಲ್ಲಿಂದ 1957ರ ಮಾರ್ಚ್ 6ಕ್ಕೆ ಸ್ವಾತಂತ್ರ್ಯ ಬರೋವರೆಗೆ ಆರು ವರ್ಷ ಅವರಿಬ್ರೂ ಎದುರುಬದುರು ಕೂತು ಕೆಲಸ ಮಾಡಿದ್ರು. ಅದು ಮಾತುಕತೇನೇ, ಆದ್ರೆ ಆ ಕುರ್ಚಿ ಸಿಕ್ಕಿದ್ದು ಮುಷ್ಕರದಿಂದ ಮತ್ತು ವೋಟಿಂದ, ವಿನಂತಿ ಪತ್ರದಿಂದ ಅಲ್ಲ.

ನನಗೆ ಇನ್ನೂ ಇಷ್ಟವಾದದ್ದು ಟಾಂಗನಿಕಾ, ಈಗಿನ ಟಾಂಜಾನಿಯಾದ ಮುಖ್ಯಭೂಮಿ. ಅಲ್ಲಿ ಬ್ರಿಟಿಷರು 1958ರ ಚುನಾವಣೆಗೆ ಒಂದು ವಿಚಿತ್ರ ರೂಲ್ ಮಾಡಿದ್ರು, ಪ್ರತಿ ಮತದಾರ ಮೂರು ವೋಟ್ ಹಾಕ್ಲೇಬೇಕು, ಒಬ್ಬ ಆಫ್ರಿಕನ್‌ಗೆ, ಒಬ್ಬ ಏಷ್ಯನ್‌ಗೆ, ಒಬ್ಬ ಯುರೋಪಿಯನ್‌ಗೆ. ಜನಸಂಖ್ಯೆ ನೋಡಿದ್ರೆ ಇದು ಹಗಲು ದರೋಡೆ. ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಜೂಲಿಯಸ್ ನ್ಯೆರೆರೆಯ ಪಾರ್ಟೀಲಿ ಬಹಳ ಜನ ಬಹಿಷ್ಕಾರ ಮಾಡೋಣ ಅಂದ್ರು, ಆ ವರ್ಷ ಜನವರೀಲಿ ತಬೋರಾದಲ್ಲಿ ಸಭೆ ಸೇರಿ ಜಗಳ ಆಯ್ತು, ಅವನು ಪಟ್ಟು ಹಿಡಿದು ಒಪ್ಪಿಸಿದ, ಒಬ್ಬ ನಾಯಕ ಸಿಟ್ಟಿಗೆ ಬೇರೆ ಪಾರ್ಟೀನೇ ಕಟ್ಟಿದ. ಆಮೇಲೆ ಇವರು ಮಾಡಿದ್ದು ಏನಪ್ಪಾ ಅಂದ್ರೆ, ತಮ್ಮ ಬೇಡಿಕೆ ಒಪ್ಪೋ ಏಷ್ಯನ್ನರನ್ನೂ ಬಿಳಿಯರನ್ನೂ ಹುಡುಕಿ ಮೂರೂ ಕಡೆ ಬೆಂಬಲ ಕೊಟ್ಟು ಗೆಲ್ಲಿಸಿಬಿಟ್ರು! ತಡೆಯೋಕೆ ಹಾಕಿದ ಬೇಲೀನೇ ಏಣಿ ಆಯ್ತು. 1961ರ ಡಿಸೆಂಬರ್ 9ಕ್ಕೆ ಸ್ವಾತಂತ್ರ್ಯ. ನೀನು ಕಾಂಪ್ರಮೈಸ್ ಅಂದ ಕೂಡ್ಲೇ ಮೂಗು ಮುರೀತೀಯಲ್ಲ, ಅದಕ್ಕೇ ಇದನ್ನ ಇಷ್ಟು ಉದ್ದ ಬರ್ದೆ. ಯಾವಾಗ ಬಹಿಷ್ಕಾರ, ಯಾವಾಗ ಒಳಗೆ ಹೋಗೋದು ಅಂತ ಸೂತ್ರ ಇಲ್ಲ, ಆ ಕ್ಷಣಕ್ಕೆ ನಿನ್ನ ಕಡೆ ಎಷ್ಟು ಜನ ನಿಂತಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ.

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದಲ್ಲಿ ಆಳಿದ್ದು ನ್ಯೂಜಿಲೆಂಡ್. 1929ರ ಡಿಸೆಂಬರ್ 28ಕ್ಕೆ ಅಲ್ಲಿನ ರಾಜಧಾನಿ ಆಪಿಯಾದಲ್ಲಿ ‘ಮಾವು’ (Mau) ಅನ್ನೋ ಸ್ವಾತಂತ್ರ್ಯ ಚಳವಳಿಯ ಮೆರವಣಿಗೆ ಮೇಲೆ ಪೊಲೀಸರು ಗುಂಡು ಹಾರಿಸಿದ್ರು, ನಾಯಕ ತಮಾಸೆಸೆ ಸಾಯ್ತಾ ಸೇಡು ತೀರಿಸ್ಕೋಬೇಡಿ ಅಂದು ಹೋದ. ಗಂಡಸರನ್ನ ಕಾಡಿಗೆ ಅಟ್ಟಿದಾಗ ಹೆಂಗಸರು ಚಳವಳಿ ನಡೆಸಿದ್ರು. ಸ್ವಾತಂತ್ರ್ಯ ಬಂದಿದ್ದು 1962ರಲ್ಲಿ, ಅಂದ್ರೆ ಆ ದಿನ ಬೀದೀಲಿದ್ದ ಎಷ್ಟೋ ಜನ ನೋಡೋಕೆ ಉಳಿದಿರಲಿಲ್ಲ. ಬೇಗ ಫಲ ಸಿಗುತ್ತೆ ಅಂತ ಯಾರಾದ್ರೂ ನಿನಗೆ ಹೇಳಿದ್ರೆ ಇದನ್ನ ತೋರ್ಸು. ನಮ್ಮಲ್ಲೂ ಅಷ್ಟೇ, ಉಪ್ಪು ಹೆಕ್ಕಿದ್ದು 1930, ಬಾವುಟ ಹಾರಿಸಿದ್ದು 1947, ಅದೂ ವಿಭಜನೆಯ ರಕ್ತದ ಜೊತೆ.

ಕೊನೇದು, ಸ್ವಾತಂತ್ರ್ಯ ಕೊಟ್ಟ ಕಾಗದದಲ್ಲಿ ಏನಿದೆ ಅಂತ ಓದು. ಈಜಿಪ್ಟಿನಲ್ಲಿ 1919ರಲ್ಲಿ ದೇಶಕ್ಕೆ ದೇಶಾನೇ ಎದ್ದು ನಿಂತಿತ್ತು, 1922ರ ಫೆಬ್ರವರಿ 28ಕ್ಕೆ ಬ್ರಿಟನ್ ನೀವು ಸ್ವತಂತ್ರರು ಅಂತ ಘೋಷಿಸ್ತು, ಜೊತೆಗೆ ರಕ್ಷಣೆ, ಸಂಪರ್ಕ ಮಾರ್ಗ, ವಿದೇಶಿಯರ ಹಿತ, ಸೂಡಾನ್ ನಾಲ್ಕನ್ನೂ ತನ್ನ ಕೈಲೇ ಇಟ್ಕೊಳ್ತು, ಸೂಯೆಜ್ ಕಾಲುವೆ ಪಕ್ಕದ ಬ್ರಿಟಿಷ್ ಸೈನ್ಯ ಹೊರಡೋಕೆ 1956 ಬಂತು. ಸಿಲೋನ್, ಅಂದ್ರೆ ಈಗಿನ ಶ್ರೀಲಂಕಾ, 1948ರಲ್ಲಿ ಮಾತುಕತೇಲೇ ಗೆದ್ದಿತು, ಆದ್ರೆ ಟ್ರಿಂಕಾಮಲೀ ನೌಕಾನೆಲೆ 1957ರವರೆಗೂ ಬ್ರಿಟಿಷರದ್ದೇ.

ನೀನು ಬರೆಯೋ ಪ್ರಬಂಧಕ್ಕೆ ಈಜಿಪ್ಟಿನ ಆ ಘೋಷಣೆ ಹುಡುಕಿ ಓದು, ಚಿಕ್ಕದು, ಆಮೇಲೆ ಫೋನ್ ಮಾಡು. ಸಾಲದ ವಾದ ಇನ್ನೂ ಬಿಡಲ್ಲ ಅಂದ್ರೆ ಬಿಡ್ಬೇಡ, ಆದ್ರೆ ಪೋರ್ಚುಗಲ್‌ಗೆ ಉತ್ತರ ರೆಡಿ ಇಟ್ಕೊಂಡೇ ಮಾಡು.

ನಿನ್ನ ಪ್ರೀತಿಯ ಮಾವ