ಡೇರೆ ಹೊಲಿಯುವವರ ಗಮನಕ್ಕೆ

ಶೂಟಿಂಗ್‌ಗೆ ಬೇಕಾದ ಯುದ್ಧ ಶಿಬಿರದ ಡೇರೆಗಳಿಗೆ ಪಾಲಿಯೆಸ್ಟರ್ ಬೇಡ. ಹಗುರ, ಅಗ್ಗ ಎಲ್ಲ ನಿಜ, ಆದರೆ ಲೈಟ್ ಬಿದ್ದರೆ ಮಿರಮಿರ ಹೊಳೆಯುತ್ತದೆ. ಹತ್ತಿ ಕ್ಯಾನ್ವಾಸ್ ಅಥವಾ ಲಿನನ್ ಇರಲಿ. ಕತ್ತರಿಸುವ ಮೊದಲೇ ನೆನೆಸಿ ಒಣಗಿಸಿ. ಮೊದಲ ಸಲ ಒದ್ದೆಯಾದಾಗ ಹತ್ತಿ ಕುಗ್ಗುತ್ತದೆ, ಆಮೇಲೆ ಹೊಲಿಗೆಯೆಲ್ಲ ಸೊಟ್ಟ.

ಕ್ಯಾಮೆರಾ ಹತ್ತಿರ ಬರುವ ಡೇರೆಗಳಲ್ಲಿ ಲೋಹದ ಐಲೆಟ್ (ಹಗ್ಗದ ತೂತಿಗೆ ಕೂರಿಸುವ ಬಳೆ), ಜಿಪ್ ಯಾವುದೂ ಕಾಣಬಾರದು. ಜಿಪ್ ಬಳಕೆಗೆ ಬಂದದ್ದೇ 20ನೇ ಶತಮಾನದಲ್ಲಿ, ನಮ್ಮ ಕಥೆ ಎಷ್ಟೋ ಹಿಂದಿನದು. ಹಗ್ಗದ ತೂತುಗಳ ಅಂಚನ್ನು ದಪ್ಪ ದಾರದಿಂದ ಕೈಯಲ್ಲೇ ಸುತ್ತಿ ಹೊಲಿಯಿರಿ. ಗೂಟ ಮರದ್ದು, ಹಗ್ಗ ಸೆಣಬಿನದು. ನೈಲಾನ್ ಕಂಡರೆ ನಾನೇ ಬಿಚ್ಚಿಹಾಕುತ್ತೇನೆ! ಹಿಂದಿನ ಸಾಲಿನವಕ್ಕೆ ಮಿಷನ್ ಹೊಲಿಗೆ ನಡೆಯುತ್ತದೆ.

ಹಳತಾಗಿ ಕಾಣಲು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ. ಕೊಳೆ ಮಾತ್ರ ಬುಡದಲ್ಲಿ, ಮಡಿಕೆಗಳಲ್ಲಿ, ಕೈ ತಾಗುವ ಬಾಗಿಲಂಚಿನಲ್ಲಿ ಹೆಚ್ಚಿರಲಿ. ಒಂದೇ ಸಮ ಬಳಿದರೆ ಪೇಂಟ್ ಹೊಡೆದಂತೆ ಕಾಣುತ್ತದೆ.

ಇದೆಲ್ಲ ಮುಗಿದ ಮೇಲೆಯೇ ಬೆಂಕಿ ನಿರೋಧಕ ದ್ರಾವಣ. ಮೊದಲೇ ಹಚ್ಚಿದರೆ ಅದ್ದುವಾಗ ತೊಳೆದುಹೋಗುತ್ತದೆ. ಪಂಜಿನ ದೃಶ್ಯಗಳಿವೆ, ಆದ್ದರಿಂದ ಪ್ರತಿ ಥಾನಿನ ತುಂಡೊಂದನ್ನು ಬೇರೆಡೆ ಸುಟ್ಟು ಪರೀಕ್ಷಿಸದೆ ಬಟ್ಟೆ ಸೆಟ್ಟಿಗೆ ಬರುವಂತಿಲ್ಲ. ಮಳೆಗೆ ನೆನೆದರೆ ಮತ್ತೆ ಹಚ್ಚಬೇಕು.

ಸೇನಾಪತಿಯ ಡೇರೆಗೆ ಒಂದು ಗೋಡೆ ಬಿಚ್ಚುವಂತಿರಲಿ, ಕ್ಯಾಮೆರಾದವರು ಕೇಳಿದ್ದಾರೆ. ಅಳತೆಯ ನಕ್ಷೆ ಸಂಜೆ ಹಾಕುತ್ತೇನೆ.